ವಿಸ್ಟಿನ್ ಕಂಡ ಗುಮ್ಮಟ

ಇಷ್ಟಕ್ಕೆಲ್ಲ ಕಾರಣ ಒಂದು ಕರಪತ್ರ. ಕಳೆದ ವರ್ಷ ಪ್ರವಾಸಿಗರಿಗಾಗಿ ಸರ್ಕಾರ ನೇಮಿಸಿದ ನೋಟ ಮಂಡಳಿಯವರು ಮಾಲ್ಟಾದ ಪಕ್ಕದ ಗೋಜೊ ದ್ವೀಪದಲ್ಲಿ ನಿಂತು ನೋಡತಕ್ಕ ಜಾಗಗಳ ಪಟ್ಟಿ ಮಾಡಿ, ಚಿತ್ರ ಸಮೇತ ಅಚ್ಚು ಹಾಕಿಸಿ, ಹಡಗಿನಿಂದ ಇಳಿದವರ ಕೈಗೆಲ್ಲ ಕೊಟ್ಟರು. ಅದರ ನಾಲ್ಕನೇ ಪುಟದಲ್ಲಿ ವಿಡ್ನಾ ಊರಿನ ಚರ್ಚಿನ ಗುಮ್ಮಟ ಪುಟ ತುಂಬ ಹರಡಿಕೊಂಡು ನಿಂತಿತ್ತು. ಮೂಲೆಯಲ್ಲಿ ಇನ್ನೊಂದು ಗುಮ್ಮಟ ಅರ್ಧ ಕತ್ತರಿಸಿಕೊಂಡು ಇಣುಕುತ್ತಿತ್ತು. ಅದರ ಕೆಳಗೆ 'ಪಕ್ಕದಲ್ಲಿ ಒಂದು ನೀರಿನ ಟ್ಯಾಂಕು' ಎಂದು ಬರೆದಿದ್ದರು.

ಆ ನೀರಿನ ಟ್ಯಾಂಕು ಜೆಬ್ಲಾ ಊರಿನ ಸಂತ ರೋಕರ ಚರ್ಚು.

ಜೆಬ್ಲಾದವರಿಗೆ ಬಡಿದ ಆಘಾತ ವರ್ಷವಾದರೂ ಇಳಿದಿರಲಿಲ್ಲ. ಅಜ್ಜಂದಿರು ಭಾನುವಾರದ ಪೂಜೆ ಮುಗಿಸಿ, ತಲೆಗೊಂದು ಕಲ್ಲು ಹೊತ್ತು, ಮೂವತ್ತೆಂಟು ವರ್ಷ ಕಟ್ಟಿದ ಗುಮ್ಮಟ ಅದು. ವಿಡ್ನಾದ ಗುಮ್ಮಟಕ್ಕಿಂತ ಒಂದೂವರೆ ಅಡಿ ಎತ್ತರ ಎಂಬುದನ್ನು ಹಗ್ಗ ಇಳಿಬಿಟ್ಟು ಅಳೆದು ಸಾಬೀತು ಮಾಡಿದ್ದರು. ವಿಡ್ನಾದವರು ಸುಮ್ಮನಿದ್ದಾರೆಯೆ? ತಮ್ಮ ಗುಮ್ಮಟದ ತುದಿಯ ಶಿಲುಬೆ ಕಿತ್ತುಹಾಕಿ, ಅದಕ್ಕಿಂತ ಮೂರಡಿ ಉದ್ದದ್ದನ್ನು ಮಾಡಿಸಿ, ಚಿನ್ನದ ಬಣ್ಣ ಬಳಿದು ನಿಲ್ಲಿಸಿದ್ದರು. ಅಂದಿನಿಂದ ಜೆಬ್ಲಾದ ಜನ ಆ ದಿಕ್ಕಿಗೆ ಮುಖ ಮಾಡಿ ಬಟ್ಟೆ ಕೂಡ ಒಣಗಿಸುತ್ತಿರಲಿಲ್ಲ.

ಹೀಗಿರುವಾಗ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ, ಊರಿನ ಹಬ್ಬ ನಡೆಸುವ ಬ್ಯಾಂಡ್ ಕ್ಲಬ್ಬಿನ ಅಧ್ಯಕ್ಷ ನಾರ್ದು ಕಾಗದವೊಂದನ್ನು ಹಿಡಿದು ಕ್ಲಬ್ಬಿನ ಕಟ್ಟೆಯ ಮೇಲೆ ಬೆವರುತ್ತ ಕೂತಿದ್ದ. ಬರುವ ಭಾನುವಾರ, ಪ್ಲೇಗಿನಿಂದ ಕಾಪಾಡುವ ಸಂತ ರೋಕರ ಹಬ್ಬ. ಇವತ್ತು ಸಾಯಂಕಾಲ ನಾಲ್ಕಕ್ಕೆ ನೋಟ ಮಂಡಳಿಯಿಂದ ಒಬ್ಬಳು ಅಧಿಕಾರಿ ಬರುತ್ತಾಳೆ. ಜೆಬ್ಲಾದ ಸುತ್ತ ಒಂದೇ ಒಂದು ಜಾಗ ಆರಿಸಿ ಅಲ್ಲಿ ಕಲ್ಲಿನ ಬೆಂಚು ಹಾಕಿಸಿ ಫಲಕ ನೆಡಿಸುತ್ತಾಳೆ. ಜಾಗ ತೋರಿಸದಿದ್ದರೆ ಆ ಬೆಂಚೂ ವಿಡ್ನಾಕ್ಕೇ ಹೋಗುತ್ತದೆ.

"ವಿಸ್ಟಿನ್, ಬಾ ಇಲ್ಲಿ," ಎಂದು ನಾರ್ದು ಕರೆದ. "ಈ ಊರಿನ ಎಲ್ಲಾ ಮಾಳಿಗೆ ಹತ್ತಿ ಇಳಿದೋನು ನೀನೊಬ್ನೇ."

ಅದು ನಿಜ. ವಿಸ್ಟಿನ್ ನೀರಿನ ಇಲಾಖೆಯಲ್ಲಿ ಮೀಟರ್ ಓದುವವ. ಮಾಳಿಗೆಯ ಟ್ಯಾಂಕು ಸೋರಿದರೂ ಅವನೇ ಹತ್ತಿ ನೋಡಬೇಕು. ವಯಸ್ಸು ನಲವತ್ತಾರು, ಎತ್ತರ ಐದಡಿ. ಐದಡಿ ಎನ್ನುವುದು ಅವನ ಮಾತು. ಅಳತೆಪಟ್ಟಿ ನಾಲ್ಕಡಿ ಹನ್ನೊಂದು ಎನ್ನುತ್ತಿತ್ತು. ಆ ಒಂದು ಅಂಗುಲದ ವಿಚಾರದಲ್ಲಿ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಹಬ್ಬದ ದಿನ ಸಂತ ರೋಕರ ಮರದ ಪ್ರತಿಮೆಯನ್ನು ಎಂಟು ಜನ ಅಡಿಯ ಕಂಬಗಳಿಗೆ ಹೆಗಲು ಕೊಟ್ಟು ಹೊತ್ತು ಊರು ಸುತ್ತಿಸುತ್ತಾರೆ. ಸಂತರ ಎಡಗಾಲಿನ ಬಳಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ ಇದೆ. ನಾಯಿಯ ಭಾರವೆಲ್ಲ ಮುಂದಿನ ಎಡಗಂಬದ ಮೇಲೆ. ವಿಸ್ಟಿನ್‌ನ ಅಪ್ಪ ಇಪ್ಪತ್ತೇಳು ವರ್ಷ ಆ ಕಂಬ ಹೊತ್ತಿದ್ದ, ಅಜ್ಜ ಮೂವತ್ತು ವರ್ಷ. ಅಪ್ಪನ ಹೆಗಲ ಮೇಲೆ ಕಿತ್ತಳೆಹಣ್ಣಿನಷ್ಟು ದಪ್ಪನೆಯ ಗಂಟಿತ್ತು; ಸಾಯುವ ಮುಂಚೆ ಅದನ್ನು ಮಗನ ಕೈಯಿಂದ ಮುಟ್ಟಿಸಿದ್ದ. ಮಗನಿಗೆ ಎಲ್ಲವೂ ಅಪ್ಪನದೇ ಬಂದಿತ್ತು, ಎತ್ತರ ಮಾತ್ರ ಅಮ್ಮನ ಕಡೆಯದು. ಒಂದು ವರ್ಷ ಚಪ್ಪಲಿಗೆ ದಪ್ಪ ಅಟ್ಟೆ ಹೊಲಿಸಿಕೊಂಡು ಅಭ್ಯಾಸಕ್ಕೆ ಹೋದ. ಅವನು ಕಂಬಕ್ಕೆ ಹೆಗಲು ಕೊಟ್ಟೊಡನೆ ಸಂತರು ಎಡಕ್ಕೆ ವಾಲಿ ನಾಯಿಯ ತಲೆ ಸವರಲು ಬಗ್ಗಿದಂತೆ ಕಂಡರು. ಅಂದಿನಿಂದ ಅವನ ಕೈಗೆ ಕೊಟ್ಟಿದ್ದು ಕವಲುಕೋಲು. ಹೊರುವವರು ದಣಿದು ನಿಂತಾಗ ಕಂಬದ ಕೆಳಗೆ ಆನಿಸಲು ಒಂದು ಕೋಲು ಬೇಕಲ್ಲ, ಅದನ್ನು ಹಿಡಿದು ಹದಿನೆಂಟು ವರ್ಷದಿಂದ ಪ್ರತಿಮೆಯ ಹಿಂದೆ ನಡೆಯುತ್ತಿದ್ದ.

ನಾರ್ದು ದನಿ ತಗ್ಗಿಸಿದ. "ಕೇಳು. ನಮ್ಮ ಗುಮ್ಮಟ ಕಾಣ್ಬೇಕು, ಅವರದ್ದು ಕಾಣಬಾರದು. ಶಿಲುಬೆ ತುದಿ ಕೂಡ ಕಾಣಬಾರದು. ಅಂಥ ಜಾಗ ನಾಲ್ಕು ಗಂಟೆ ಒಳಗೆ ಹುಡುಕಿದ್ಯೋ, ಈ ಭಾನುವಾರ ಮುಂದಿನ ಎಡಗಂಬ ನಿಂದು."

ವಿಸ್ಟಿನ್ ಕುಡಿಯುತ್ತಿದ್ದ ಚಹಾದ ಗ್ಲಾಸನ್ನು ಬಾಯಿಂದ ಇಳಿಸಿದ.

"ಮತ್ತೆ ಎತ್ತರ..." ಎಂದ.

"ಅದು ಬಡಗಿ ತಲೆನೋವು. ಕಂಬಕ್ಕೆ ಅಡಿಯಿಂದ ಒಂದು ದಿಮ್ಮಿ ಹೊಡೆಸ್ತೀನಿ. ನೀನು ಜಾಗ ಹುಡುಕು ಮೊದಲು."

ವಿಸ್ಟಿನ್ ಗ್ಲಾಸು ಕೆಳಗಿಟ್ಟು ಓಡಿದ.

ಮೊದಲು ಹತ್ತಿದ್ದು ಜೂಜಾ ಅಜ್ಜಿಯ ಮಾಳಿಗೆ. ಊರಿನ ಎಲ್ಲ ಮನೆಗಳಂತೆ ಅವಳ ಮನೆಯ ಬೀಗದಕೈಯೂ ಹೊರಗಿನಿಂದ ಬಾಗಿಲಿಗೇ ಸಿಕ್ಕಿಸಿದ್ದಿತು. ತಿರುಗಿಸಿ, ಕೂಗು ಹಾಕಿ, ಮೇಲೆ ಹತ್ತಿದ. ಅಜ್ಜಿಗೆ ಎಂಬತ್ತೊಂದು. ಸೊಂಟ ಪೂರ್ತಿ ಬಾಗಿ ಮುಖ ನೆಲ ನೋಡುತ್ತಿತ್ತು.

"ಯಾರದು, ಹಲ್ಲಿಯ ಮಗನಾ?" ಎಂದಳು. ಹಲ್ಲಿ ಎನ್ನುವುದು ವಿಸ್ಟಿನ್‌ನ ಮನೆತನಕ್ಕೆ ಊರು ಕೊಟ್ಟ ಹೆಸರು. ಗೋಜೊದಲ್ಲಿ ಇಂಥದ್ದೊಂದು ಹೆಸರಿಲ್ಲದ ಮನೆತನ ಇಲ್ಲ. "ಮೊನ್ನೆ ತಾನೆ ಮೀಟರ್ ನೋಡಿ ಹೋದ್ಯಲ್ಲೋ."

"ಮೀಟರ್ ಅಲ್ಲ ಅಜ್ಜಿ. ಇಲ್ಲಿಂದ ವಿಡ್ನಾ ಗುಮ್ಮಟ ಕಾಣುತ್ತಾ ಅಂತ ನೋಡೋಕ್ ಬಂದೆ."

"ಕಾಣದೆ ಏನು? ಬೆಳಗಾದ್ರೆ ಅದರ ಮುಖ ನೋಡೋಕ್ ಇಷ್ಟ ಇಲ್ಲ ಅಂತಾನೇ ನಾನು ಸೊಂಟ ಬಗ್ಗಿಸ್ಕೊಂಡಿರೋದು."

ನಿಜವಾಗಿಯೂ ಕಾಣುತ್ತಿತ್ತು. ಚಿನ್ನದ ಶಿಲುಬೆ ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಅಡ್ಡಲಾಗಿ ತನ್ನ ಹಾಸಿಗೆಯ ಹೊದಿಕೆ ಒಣಹಾಕುತ್ತೇನೆ, ಅಧಿಕಾರಿಣಿಯನ್ನು ಕರೆದುಕೊಂಡು ಬಾ ಎಂದು ಅಜ್ಜಿ ಸಲಹೆ ಕೊಟ್ಟಳು. ಬೆಂಚು ಹಾಕಿಸಿದ ಮೇಲೆ ಹೊದಿಕೆಯನ್ನು ವರ್ಷವಿಡೀ ಅಲ್ಲೇ ಬಿಡಬೇಕಾಗುತ್ತದೆ ಎಂದು ವಿಸ್ಟಿನ್ ಹೇಳಿದ. ಅಜ್ಜಿ ಯೋಚಿಸಿ, ಹಾಗಾದರೆ ಹಳೆಯದು ಹಾಕುತ್ತೇನೆ ಎಂದಳು. ಎಣ್ಣೆ, ಟೊಮೇಟೊ ಸವರಿದ ರೊಟ್ಟಿಯ ತುಂಡೊಂದನ್ನು ಬಾಯಿಗೆ ತುರುಕದೆ ಅವನನ್ನು ಕೆಳಗೆ ಬಿಡಲಿಲ್ಲ.

ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಅಜ್ಜಿ ಪಕ್ಕದ ಮಾಳಿಗೆಯ ತೆರೇಜಾಳಿಗೆ, "ವಿಸ್ಟಿನ್ ಮಾಳಿಗೆ ಮಾಳಿಗೆ ನೋಡ್ತಾ ಇದಾನೆ ಕಣೆ," ಎಂದು ಕೂಗಿ ಹೇಳಿದಳು. ತೆರೇಜಾ ಅದನ್ನು ಮುಂದಿನ ಮಾಳಿಗೆಗೆ ದಾಟಿಸಿದಳು. ಮೂರನೇ ಮಾಳಿಗೆಗೆ ಹೋಗುವಾಗ ಅದು, ಪರವಾನಗಿ ಇಲ್ಲದೆ ಮಾಳಿಗೆ ಮೇಲೆ ಕೋಣೆ ಕಟ್ಟಿದವರನ್ನು ಹಿಡಿಯಲು ಸರ್ಕಾರ ವಿಸ್ಟಿನ್‌ನನ್ನು ಬಿಟ್ಟಿದೆ ಎಂದಾಗಿತ್ತು.

ವಿಸ್ಟಿನ್ ಬೀದಿಗೆ ಬಂದು ನೋಡುತ್ತಾನೆ, ಒಂದು ಬಾಗಿಲಲ್ಲೂ ಬೀಗದಕೈ ಇಲ್ಲ. ಅವನು ಹುಟ್ಟಿದಾಗಿನಿಂದ ಆ ಬೀದಿಯ ಬಾಗಿಲುಗಳಿಂದ ಬೀಗದಕೈ ತೆಗೆದದ್ದನ್ನು ಕಂಡಿರಲಿಲ್ಲ. ಯಾರೋ ದೊಡ್ಡವರು ತೀರಿಕೊಂಡರೇನೋ ಎಂದು ಹೆದರಿ ತೆರೇಜಾಳ ಬಾಗಿಲು ಬಡಿದ. ಅವಳ ಗಂಡ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದ.

"ಮೇಲಿರೋದು ಪಾರಿವಾಳದ ಗೂಡು," ಎಂದ, ಕೇಳುವ ಮುಂಚೆಯೇ.

"ಏನು?"

"ಮಾಳಿಗೆ ಮೇಲಿರೋದು. ಕಿಟಕಿ ಪರದೆ ಇದೆ, ನಿಜ. ಪಾರಿವಾಳಕ್ಕೆ ಬಿಸಿಲು ಆಗಲ್ಲ."

ಮೇಲಿನಿಂದ ಅವನ ಅಳಿಯ ಪಾರಿವಾಳದ ಹಾಗೆ ಗುಟುರು ಹಾಕಿದ. ಬಾಗಿಲು ಮುಚ್ಚಿಕೊಂಡಿತು.

ಮಾಳಿಗೆಗಳ ಆಸೆ ಅಲ್ಲಿಗೆ ಮುಗಿಯಿತು. ಚರ್ಚಿನ ಪಾದ್ರಿ ದುನ್ ಅಂಜು ಮೆಟ್ಟಿಲ ಮೇಲೆ ನಿಂತು ಹಬ್ಬದ ಬಾವುಟ ಕಟ್ಟಿಸುತ್ತಿದ್ದರು. ವಿಸ್ಟಿನ್‌ನ ಮುಖ ನೋಡಿ, "ಸಮಾಧಿ ಭೂಮಿಗೆ ಹೋಗಿ ನೋಡಪ್ಪ," ಎಂದರು. "ಎತ್ತರದ ಜಾಗ, ಸೈಪ್ರಸ್ ಮರಗಳಿವೆ. ಶಾಂತಿ ಇದೆ."

ಜಾಗ ಚೆನ್ನಾಗಿಯೇ ಇತ್ತು. ಜೆಬ್ಲಾದ ಗುಮ್ಮಟ ಮರಗಳ ನಡುವೆ ತಟ್ಟೆಯಲ್ಲಿಟ್ಟಂತೆ ಕಾಣುತ್ತಿತ್ತು. ಸುದ್ದಿ ತಿಳಿದು ನಾರ್ದುವೂ ಏದುಸಿರು ಬಿಡುತ್ತ ಬಂದ. ಇಬ್ಬರೂ ಸಮಾಧಿಗಳ ಸಾಲಿನಿಂದ ಸಾಲಿಗೆ ನಡೆಯುತ್ತ, ತಿರುಗಿ ತಿರುಗಿ ನೋಡುತ್ತ, ಕೊನೆಗೆ ನಾರ್ದುವಿನ ತಾಯಿಯ ಸಮಾಧಿಯ ಬಳಿ ನಿಂತರು. ಅಲ್ಲಿ ಮರಗಳ ನಡುವೆ ಸಂದು ಇತ್ತು. ಆ ಸಂದಿನಲ್ಲಿ ವಿಡ್ನಾದ ಗುಮ್ಮಟ ಬುಡದಿಂದ ತುದಿಯವರೆಗೆ ನಿಂತಿತ್ತು.

ನಾರ್ದು ಟೋಪಿ ತೆಗೆದ. ಸಮಾಧಿಯನ್ನು ನೋಡಿದ, ಗುಮ್ಮಟವನ್ನು ನೋಡಿದ.

"ಅಮ್ಮನ್ನ ಆ ಕಡೆ ಮುಖ ಮಾಡಿ ಮಲಗಿಸಿದೀವಿ," ಎಂದ. "ಹನ್ನೊಂದು ವರ್ಷದಿಂದ. ಬದುಕಿರೋವಾಗ ವಿಡ್ನಾ ಹೆಸರೆತ್ತಿದ್ರೆ ಉಗೀತಿದ್ಲು."

"ನೋಡೋಕ್ ಆಗಲ್ಲ ಬಿಡಿ ನಾರ್ದಣ್ಣ, ಮೇಲೆ ಕಲ್ಲಿದೆ."

"ಆ ಕಲ್ಲನ್ನ ನಾನೇ ತೆಳ್ಳಗಿರ್ಲಿ ಅಂದಿದ್ದೆ ಕಣೋ."

ಅವನನ್ನು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಒಂದೂವರೆಯಾಗಿತ್ತು. ಮನೆಯಿಂದ ಹೆಂಡತಿ ಫಿಲುಮೆನಾ ಫೋನು ಮಾಡಿ, ಮೊಲದ ಸಾರು ಆರುತ್ತಿದೆ, ಎಲ್ಲಿದ್ದೀಯ ಎಂದಳು. ವಿಸ್ಟಿನ್ ಸೋರಿಕೆ ನೋಡುತ್ತಿದ್ದೇನೆ ಎಂದು ಸುಳ್ಳು ಹೇಳಿದ. ಫಿಲುಮೆನಾ ವಿಡ್ನಾದ ಮಗಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಹಬ್ಬದ ವಾರದಲ್ಲಿ ಗಂಡ ಹೆಂಡಿರು ಹವಾಮಾನ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವಳ ತವರಿನ ಗುಮ್ಮಟವನ್ನು ಅಳಿಸಿಹಾಕುವ ಜಾಗ ಹುಡುಕುತ್ತಿದ್ದೇನೆ ಎಂದು ಹೇಳಿದರೆ ಸಾರು ನಾಯಿಗೆ ಹೋಗುತ್ತಿತ್ತು.

ಉಳಿದದ್ದು ಸಮುದ್ರದ ಕಡೆಯ ಕಡಿದಾದ ಬಂಡೆಯಂಚು. ಪಾಪಾಸುಕಳ್ಳಿಯ ಬೇಲಿ ಹಾರಿ, ಪ್ಯಾಂಟಿಗೆ ಮುಳ್ಳು ಹತ್ತಿಸಿಕೊಂಡು, ವಿಸ್ಟಿನ್ ಅಂಚಿನುದ್ದಕ್ಕೂ ನಡೆದ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದ. ಎಲ್ಲಿ ನಿಂತರೂ ಎರಡು ಗುಮ್ಮಟ. ಎಡಗಂಬ ದೂರ ಸರಿಯುತ್ತಿತ್ತು. ಆಗಲೇ ಕಲ್ಲುಗೋಡೆಯೊಂದರ ಹಿಂದಿನಿಂದ ಬಂದೂಕಿನ ಕೊಳವೆ ಮೇಲೆದ್ದಿತು.

ವಿಸ್ಟಿನ್ ಎರಡೂ ಕೈ ಮೇಲೆತ್ತಿದ.

"ಹಲ್ಲಿಯಾ?" ಎಂದಿತು ಗೋಡೆ. "ತಲೆ ಒಂದೇ ಕಾಣ್ತು, ಮೊಲ ಅಂದ್ಕೊಂಡೆ."

ಅದು ಚೇನ್ಸು, ಹಕ್ಕಿ ಬೇಟೆಯವ. ಸೊಂಟದೆತ್ತರದ ಗೋಡೆಯ ಮರೆಯಲ್ಲಿ ತಗ್ಗಾದ ಕುರ್ಚಿ ಹಾಕಿಕೊಂಡು ಕೂತಿದ್ದ. ವಿಸ್ಟಿನ್ ಕೈ ಇಳಿಸಿ, ಬೆನ್ನು ತಿರುಗಿಸಿ, ಊರಿನ ಕಡೆ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ಒಂದೇ ಗುಮ್ಮಟ. ಸಂತ ರೋಕರದ್ದು. ಅದರ ಹಿಂದೆ ಬರೀ ಆಕಾಶ.

ಎಡಕ್ಕೆ ಒಂದು ಹೆಜ್ಜೆ ಹಾಕಿದರೆ ವಿಡ್ನಾ ಇಣುಕುತ್ತಿತ್ತು, ಬಲಕ್ಕೆ ಹಾಕಿದರೂ ಇಣುಕುತ್ತಿತ್ತು. ಆ ಒಂದೇ ಜಾಗದಲ್ಲಿ ಜೆಬ್ಲಾದ ಗುಮ್ಮಟ ವಿಡ್ನಾದ್ದನ್ನು ಶಿಲುಬೆ ಸಮೇತ ನುಂಗಿಬಿಟ್ಟಿತ್ತು.

"ಚೇನ್ಸು, ಇಲ್ಲಿಂದ ನಿಂಗೆ ವಿಡ್ನಾ ಕಾಣುತ್ತಾ?"

ಚೇನ್ಸು ಕುರ್ಚಿಯಿಂದಲೇ ಕತ್ತು ತಿರುಗಿಸಿದ. "ಹದಿನಾರು ವರ್ಷದಿಂದ ಇಲ್ಲೇ ಕೂತಿದೀನಿ. ಒಂದಿನಾನೂ ಕಂಡಿಲ್ಲ. ಅದಕ್ಕೇ ಇಲ್ಲಿ ಕೂರೋದು."

ವಿಸ್ಟಿನ್ ವಿಷಯ ಹೇಳಿದ. ಬೆಂಚು ಬಂದರೆ ಜನ ಬರುತ್ತಾರೆ, ಜನ ಬಂದರೆ ಹಕ್ಕಿ ಬರುವುದಿಲ್ಲ ಎಂದು ಚೇನ್ಸು ಬಂದೂಕನ್ನು ಇನ್ನೊಂದು ಸಲ ಮೇಲೆತ್ತಿದ. ವಿಸ್ಟಿನ್ ಸಂತ ರೋಕರ ಹೆಸರು ತೆಗೆದ, ಅಪ್ಪನ ಹೆಗಲಿನ ಗಂಟಿನ ವಿಚಾರ ತೆಗೆದ, ನೀರಿನ ಟ್ಯಾಂಕಿನ ಮಾತು ತೆಗೆದ. ನೀರಿನ ಟ್ಯಾಂಕು ಕೇಳಿದ ಮೇಲೆ ಚೇನ್ಸು ಮೆತ್ತಗಾದ.

"ಆಗ್ಲಿ, ಹಾಕ್ಕೊಳ್ಳಿ ಬೆಂಚು," ಎಂದು ನಿಟ್ಟುಸಿರುಬಿಟ್ಟ. "ನಾನು ಬದನೆಕಾಯಿ ಬೆಳೀತೀನಿ."

ಮೀಟರ್ ನೋಡಿದ ಮನೆಗಳಿಗೆ ಗುರುತು ಹಾಕುವ ನೀಲಿ ಬಣ್ಣದ ಡಬ್ಬಿ ವಿಸ್ಟಿನ್‌ನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ತಾನು ನಿಂತ ಬಂಡೆಯ ಮೇಲೆ ತನ್ನ ಎರಡು ಪಾದಗಳ ಸುತ್ತ ಗೆರೆ ಎಳೆದ. ಬಗ್ಗಿ ಎದ್ದಾಗ ತನ್ನ ಎಡಹೆಗಲನ್ನು ತಾನೇ ಒಂದು ಸಲ ಮುಟ್ಟಿ ನೋಡಿಕೊಂಡ.

ನಾಲ್ಕಕ್ಕೆ ಸರಿಯಾಗಿ ಮೆರವಣಿಗೆಯೇ ಹೊರಟಿತು. ಮುಂದೆ ನಾರ್ದು, ಅವನ ಹಿಂದೆ ಕ್ಲಬ್ಬಿನ ಕೋಟು ತೊಟ್ಟ ಸಮಿತಿಯ ಹತ್ತು ಜನ. ಎಂಟು ಮಂದಿ ಹೊರುವವರೂ ಅವರಲ್ಲೇ ಇದ್ದರು, ಎಲ್ಲರೂ ಆರಡಿಯ ಆಳುಗಳು. ದುನ್ ಅಂಜು ಛತ್ರಿ ಹಿಡಿದು ಬಂದರು. ಕರೆಯದಿದ್ದರೂ ಜೂಜಾ ಅಜ್ಜಿ ಕೋಲೂರಿಕೊಂಡು ಬಂದಳು. ಮಂಡಳಿಯ ಅಧಿಕಾರಿ ಮಾರ್ಟೀಸ್ ಮಾಲ್ಟಾದಿಂದ ಮಧ್ಯಾಹ್ನದ ಹಡಗಿನಲ್ಲಿ ಬಂದವಳು. ತೆಂಗಿನ ಮರದಂತೆ ಎತ್ತರ, ಕುತ್ತಿಗೆಗೆ ಕ್ಯಾಮೆರಾ. ಅವಳ ಚಪ್ಪಲಿಯ ಪಟ್ಟಿಯೊಂದು ಕಳ್ಳಿಬೇಲಿಯ ಬಳಿ ಕಿತ್ತುಹೋಗಿ, ಅದನ್ನು ಸರಿಮಾಡಿಕೊಳ್ಳುತ್ತ ಹಿಂದೆ ಉಳಿದಳು.

"ಇದೇ," ಎಂದ ವಿಸ್ಟಿನ್, ನೀಲಿ ಪಾದ ತೋರಿಸಿ.

ನಾರ್ದು ಆ ಗುರುತಿನ ಮೇಲೆ ನಿಂತ. ನೋಡಿದ. ನೋಡುತ್ತಲೇ ಇದ್ದ. ಅವನ ಕಿವಿ ಕೆಂಪಾಯಿತು.

"ವಿಸ್ಟಿನ್," ಎಂದ ಮೆಲ್ಲಗೆ. "ನಮ್ಮ ಗುಮ್ಮಟದ ಮೇಲೆ ಅದೇನು?"

"ಏನೂ ಇಲ್ವಲ್ಲ."

"ಚಿನ್ನದ್ದು."

ಸಮಿತಿಯವರು ಒಬ್ಬೊಬ್ಬರಾಗಿ ಬಂದು ನಿಂತು ನೋಡಿದರು. ಒಬ್ಬೊಬ್ಬರೂ ಪೆಟ್ಟು ತಿಂದವರಂತೆ ಹಿಂದೆ ಸರಿದರು. ವಿಡ್ನಾದ ಗುಮ್ಮಟವೇನೋ ಕಾಣುತ್ತಿರಲಿಲ್ಲ. ಅದರ ಶಿಲುಬೆ ಮಾತ್ರ, ಮೂರಡಿ ಹೆಚ್ಚಿಸಿಕೊಂಡ ಆ ಚಿನ್ನದ ಶಿಲುಬೆ, ಜೆಬ್ಲಾದ ಗುಮ್ಮಟದ ನೆತ್ತಿಯ ಮೇಲೆ ನೆಟ್ಟಂತೆ ನಿಂತಿತ್ತು. ಮೂವತ್ತೆಂಟು ವರ್ಷ ಕಲ್ಲು ಹೊತ್ತದ್ದು ವಿಡ್ನಾದ ಶಿಲುಬೆಗೆ ಪೀಠ ಕಟ್ಟಲಿಕ್ಕೆ ಎಂಬಂತಿತ್ತು.

"ಇದು ಬೇಕಂತಲೇ ಮಾಡಿರೋದು," ಎಂದ ಖಜಾಂಚಿ. "ಹೆಂಡ್ತಿ ಯಾವೂರವಳು ಕೇಳಿ."

"ಅಮ್ಮನಾಣೆ ನಂಗೇನೂ ಕಾಣ್ತಿಲ್ಲ," ಎಂದ ವಿಸ್ಟಿನ್. ಮತ್ತೆ ಗುರುತಿನ ಮೇಲೆ ನಿಂತು ನೋಡಿದ. ಗುಮ್ಮಟ, ಆಕಾಶ, ಅಷ್ಟೇ. ಹನ್ನೊಂದು ಜನ ಸೇರಿ ಸುಳ್ಳು ಹೇಳುತ್ತಿದ್ದಾರೋ, ತನ್ನ ಕಣ್ಣೇ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ನಂಗೂ ಕಾಣ್ತಿಲ್ಲಪ್ಪ," ಎಂದಳು ಜೂಜಾ ಅಜ್ಜಿ, ಕೋಲಿನ ಮೇಲೆ ಗಲ್ಲ ಆನಿಸಿ, ಕಷ್ಟಪಟ್ಟು ಮುಖ ಎತ್ತಿ.

"ನಂಗೂ," ಎಂದ ಚೇನ್ಸು ಕುರ್ಚಿಯಿಂದ.

ದುನ್ ಅಂಜು ಮೂವರನ್ನೂ ನೋಡಿದರು. ಆಮೇಲೆ ವಿಸ್ಟಿನ್‌ನ ಕೈಹಿಡಿದು ಒಂದು ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದರು. "ಈಗ ನೋಡಪ್ಪ."

ವಿಸ್ಟಿನ್ ನೋಡಿದ. ಸಂತ ರೋಕರ ತಲೆಯ ಮೇಲೆ ಚಿನ್ನದ ಶಿಲುಬೆ ಮೆಲ್ಲಗೆ ಎದ್ದು ಬಂತು. ಅವನು ಅಲ್ಲೇ ಕೂತ. ಕೂತೊಡನೆ ಶಿಲುಬೆ ಮಾಯವಾಯಿತು. ಇಡೀ ದ್ವೀಪದಲ್ಲಿ ಅಂಥ ಜಾಗ ಅದೊಂದೇ. ಅದೂ ನಾಲ್ಕಡಿ ಹನ್ನೊಂದು ಅಂಗುಲದವರಿಗೆ ಮಾತ್ರ.

ಅಷ್ಟರಲ್ಲಿ ಚಪ್ಪಲಿ ಸರಿಮಾಡಿಕೊಂಡ ಮಾರ್ಟೀಸ್ ಬೇಲಿ ದಾಟಿ ಬರುವುದು ಕಂಡಿತು. ಬೇರೆ ಜಾಗ ಹುಡುಕಲು ಹೊತ್ತಿರಲಿಲ್ಲ. ನಾರ್ದು ಮೂವತ್ತು ವರ್ಷ ಹಡಗಿನಲ್ಲಿ ಟಿಕೆಟ್ ನೋಡಿದವನು, ಜನರನ್ನು ಸಾಲು ಹಚ್ಚಿಸುವುದು ಅವನಿಗೆ ಗೊತ್ತಿತ್ತು.

"ಎಲ್ಲಾ ಮಂಡಿ ಊರಿ," ಎಂದು ಪಿಸುಗುಟ್ಟಿದ.

"ಯಾಕೆ?"

"ನಾವು ಊರಿದ್ರೆ ಅವಳೂ ಊರ್ತಾಳೆ. ಟೋಪಿ ತೆಗೀರಿ. ಊರ್ರಿ ಅಂದ್ನಲ್ಲ."

ಹನ್ನೊಂದು ಜನ ಕೋಟು ತೊಟ್ಟವರು ಬಂಡೆಯ ಮೇಲೆ ಮಂಡಿಯೂರಿದರು. ಯಾರದೋ ಪ್ಯಾಂಟು ಹರಿದ ಸದ್ದಾಯಿತು. ವಿಸ್ಟಿನ್ ಮಾತ್ರ ನೀಲಿ ಗುರುತಿನ ಮೇಲೆ ನಿಂತಿದ್ದ. ಅವನಿಗೆ ಊರುವ ಅಗತ್ಯವಿರಲಿಲ್ಲ.

ಮಾರ್ಟೀಸ್ ಬಂದವಳು ಬೆರಗಾಗಿ ನಿಂತಳು. "ಇದೇನು ಸರ್?"

"ಪದ್ಧತಿ," ಎಂದ ನಾರ್ದು, ತಲೆ ಎತ್ತದೆ. "ಪ್ಲೇಗು ಬಂದಿತ್ತಲ್ಲ, ಆ ಕಾಲದಿಂದ. ಇಲ್ಲಿಂದ ಮಂಡಿ ಊರಿ ನೋಡ್ಬೇಕು. ನೀವೂ ಊರಿ ನೋಡಿ, ಚೆನ್ನಾಗಿ ಕಾಣುತ್ತೆ."

ದುನ್ ಅಂಜು ಆಕಾಶ ನೋಡಿದರು. ಆದರೆ ಸುಳ್ಳು ಎಂದು ಹೇಳಲಿಲ್ಲ.

"ಎಂಥಾ ಒಳ್ಳೆ ಪದ್ಧತಿ," ಎಂದಳು ಮಾರ್ಟೀಸ್. ಅವಳ ಕಣ್ಣು ಒದ್ದೆಯಾಗಿತ್ತು. "ನಾನು ಊರಲ್ಲ, ನಂದು ಬೇರೆ ಊರು, ತಪ್ಪಾಗುತ್ತೆ. ನೀವು ಹಾಗೇ ಇರಿ." ಅವಳು ಹಿಂದೆ ಹೋಗಿ, ಚೇನ್ಸುವಿನ ಗೋಡೆಯ ಮೇಲೆ ಹತ್ತಿ, ಕ್ಯಾಮೆರಾ ತಲೆಗಿಂತ ಮೇಲೆತ್ತಿ, ಹತ್ತು ಹನ್ನೆರಡು ಚಿತ್ರ ತೆಗೆದುಕೊಂಡಳು. ಬೆಂಚು ಇಲ್ಲಿಗೇ ಎಂದು ಕೈಕುಲುಕಿ, ಐದೂವರೆಯ ಹಡಗಿಗೆ ಹೋದಳು.

ಜೆಬ್ಲಾದವರು ಮಂಡಿಯ ಧೂಳು ಒರೆಸಿಕೊಂಡು, ಗೆದ್ದೆವೆಂದು ಕ್ಲಬ್ಬಿಗೆ ಬಂದು ಕೂತರು. ಅವಳು ಗುರುತಿನ ಮೇಲೆ ನಿಂತು ನೋಡಲೇ ಇಲ್ಲ ಎಂಬುದು ನಾರ್ದುವಿಗೆ ದೊಡ್ಡ ಸಂತೋಷ. ವಿಸ್ಟಿನ್‌ನ ಬೆನ್ನು ತಟ್ಟಿ, ಬಡಗಿಯನ್ನು ಕರೆಸಿದ. ಬಡಗಿ ಅಳತೆಪಟ್ಟಿ ತೆಗೆದು ವಿಸ್ಟಿನ್‌ನ ಹೆಗಲಿನಿಂದ ನೆಲದವರೆಗೆ ಇಳಿಬಿಟ್ಟ. ವಿಸ್ಟಿನ್ ಕಣ್ಣು ಮುಚ್ಚಿಕೊಂಡ. ಅಪ್ಪ ನೆನಪಾದ.

ಆಗ ವಿಡ್ನಾದ ಕಡೆಯಿಂದ ಪಟಾಕಿ ಸಿಡಿಯಿತು. ಒಂದಲ್ಲ, ಒಂದರ ಹಿಂದೊಂದು, ಆಮೇಲೆ ಘಂಟೆಗಳು. ವಿಡ್ನಾದಲ್ಲಿ ಅಂದು ಯಾವ ಹಬ್ಬವೂ ಇರಲಿಲ್ಲ.

ಫಿಲುಮೆನಾ ಒದ್ದೆ ಕೈ ಒರೆಸಿಕೊಳ್ಳುತ್ತ ಕ್ಲಬ್ಬಿನ ಬಾಗಿಲಿಗೆ ಬಂದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಹೊಸ್ತಿಲ ಹತ್ತಿರ ಬಂದವಳಲ್ಲ.

"ನಮ್ಮಣ್ಣ ಇದು ಕಳ್ಸಿದಾನೆ," ಎಂದು ಫೋನು ಮೇಜಿನ ಮೇಲಿಟ್ಟಳು. "ಮಂಡಳಿಯೋರು ಇಂಟರ್ನೆಟ್ಟಲ್ಲಿ ಹಾಕಿದಾರಂತೆ. ಥ್ಯಾಂಕ್ಸ್ ಹೇಳು ಅಂದ."

ಚಿತ್ರ ಅದ್ಭುತವಾಗಿತ್ತು. ಮುಂದೆ ಮಂಡಿಯೂರಿ ತಲೆ ಬಾಗಿದ ಜೆಬ್ಲಾದ ಹಿರಿಯರ ಬೆನ್ನುಗಳು. ಎದುರಿಗೆ ಗುಮ್ಮಟ. ಗುಮ್ಮಟದ ಮೇಲೆ ಸಂಜೆಬಿಸಿಲಿಗೆ ಹೊಳೆಯುವ ಚಿನ್ನದ ಶಿಲುಬೆ. ಕೆಳಗೆ ಬರೆದಿತ್ತು: 'ಪ್ಲೇಗಿನ ಕಾಲದಿಂದಲೂ ಜೆಬ್ಲಾದ ಜನ ವಿಡ್ನಾದ ಶಿಲುಬೆಗೆ ಮಂಡಿಯೂರಿ ನಮಿಸುತ್ತಾರೆ. ಈ ಪದ್ಧತಿಯನ್ನು ನೋಡಲು ಬರುವ ಭಾನುವಾರ ಸಂಜೆ ಆರಕ್ಕೆ ಮಂಡಳಿಯ ಬಸ್ಸುಗಳು ಹೊರಡುತ್ತವೆ.'

ಖಜಾಂಚಿ ಕುರ್ಚಿ ಹುಡುಕದೆ ನೆಲದ ಮೇಲೆ ಕೂತ. ಪದ್ಧತಿ ಸುಳ್ಳು ಎಂದು ಹೇಳಿದರೆ ಬೆಂಚು ವಿಡ್ನಾಕ್ಕೆ. ಸುಮ್ಮನಿದ್ದರೆ ಭಾನುವಾರ ಬಸ್ಸಿನವರ ಎದುರು ಮತ್ತೆ ಮಂಡಿಯೂರಬೇಕು, ವಿಡ್ನಾದವರು ಬೇಲಿಯಾಚೆ ನಿಂತು ನೋಡುತ್ತಾರೆ. ಯಾರು ಊರುತ್ತಾರೆ?

ನಾರ್ದು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ.

"ಇವನ್ಯಾರು, ಎಡಗಡೆ ಕೊನೇಲಿ?"

"ನಾನೇ," ಎಂದ ವಿಸ್ಟಿನ್.

"ನೀನೂ ಮಂಡಿ ಊರಿದ್ಯಾ?"

"ಇಲ್ಲ. ನಿಂತಿದ್ದೆ."

ನಾರ್ದುವಿನ ಮುಖಕ್ಕೆ ಮೆಲ್ಲಗೆ ರಕ್ತ ಮರಳಿತು. ಎದ್ದು ಬಂದು ವಿಸ್ಟಿನ್‌ನ ಎರಡೂ ಭುಜ ಹಿಡಿದುಕೊಂಡ. "ನೋಡಿದ್ರೇನ್ರೋ? ಬಸ್ಸಿನವರ ಕಣ್ಣಿಗೆ ಊರಿದ ಹಾಗೆ, ನಮ್ಮ ಪಾಲಿಗೆ ನೆಟ್ಟಗೆ ನಿಂತ ಹಾಗೆ. ಅಲ್ಲಿ ನಿಂತ್ರೆ ಅವರ ಶಿಲುಬೆ ಕಾಣದೇ ಇರೋ ಗಂಡಸು ಊರಲ್ಲಿ ಇವನೊಬ್ನೇ. ಊರಿನ ಮಾನ ಉಳಿಸಪ್ಪ. ಭಾನುವಾರ ಆರರಿಂದ ಒಂಬತ್ತರ ತನಕ ಅಲ್ಲಿ ನಿಂತ್ಕೋ. ಪ್ರತಿ ವರ್ಷ."

"ಆರಕ್ಕೆ ಸಂತರು ಚರ್ಚಿಂದ ಹೊರಡ್ತಾರೆ ನಾರ್ದಣ್ಣ."

"ಹೌದು."

"ಎಡಗಂಬ..."

"ಎರಡು ಕಡೆ ಹೇಗೋ ಇರ್ತೀಯ?"

ಬಡಗಿ ಅಳತೆಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ವಿಸ್ಟಿನ್, "ಕವಲುಕೋಲು ಯಾರು ಹಿಡೀತಾರೆ?" ಎಂದು ಕೇಳಿದ. ಚೇನ್ಸು ಹಿಡಿಯಲಿ, ಪಾಪ, ಅವನ ಜಾಗ ಹೋಯಿತಲ್ಲ ಎಂದ ನಾರ್ದು.

ಎಲ್ಲರೂ ಹೋದ ಮೇಲೆ ವಿಸ್ಟಿನ್ ಹೆಂಡತಿಯ ಫೋನು ತೆಗೆದುಕೊಂಡು ಆ ಚಿತ್ರವನ್ನು ಇನ್ನೊಮ್ಮೆ ನೋಡಿದ. ಹನ್ನೊಂದು ಬೆನ್ನು, ಅವುಗಳ ಪಕ್ಕ ಅವನದು. ಹೊರುವ ಎಂಟು ಮಂದಿಯ ಹೆಗಲೂ ಅವನ ಹೆಗಲೂ ಒಂದೇ ಗೆರೆಯಲ್ಲಿ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ, ಸಮವಾಗಿದ್ದವು. ಕಂಬ ಮಾತ್ರ ಅಲ್ಲಿರಲಿಲ್ಲ.